ಎರಡು ಸಲ ಮೊದಲು, ಕೊನೆಗೆ ಬರಿಗೈ

ಕ್ಯಾಲ್ಗರಿ
10 ನವೆಂಬರ್ 2019

ಅಪ್ಪ, ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಮೊಮ್ಮಗ ಪುಟ್ಟನ ಕೆಮ್ಮು ಹೋಯಿತು ಅಂತ ಅಮ್ಮನಿಗೆ ಹೇಳಿ. ಹೋದ ವಾರ ಫೋನಿನಲ್ಲಿ ನನ್ನ ದನಿ ಸಪ್ಪಗಿತ್ತು ಅಂದಿರಲ್ಲ, ಅದಕ್ಕೆ ಕಾರಣ ಆಫೀಸಲ್ಲ, ಫುಟ್‌ಬಾಲ್. ನಗಬೇಡಿ.

ಕೆನಡಾ ಅಂದರೆ ಐಸ್ ಹಾಕಿ ತಾನೇ? ಇಲ್ಲಿನ ಮೂರು ದೊಡ್ಡ ಫುಟ್‌ಬಾಲ್ ತಂಡಗಳು ಆಡೋದು ಅಮೆರಿಕದವರ ಲೀಗಿನಲ್ಲಿ. ಈ ಏಪ್ರಿಲಿನಲ್ಲಿ ಇವರದೇ ಕೆನಡಿಯನ್ ಪ್ರೀಮಿಯರ್ ಲೀಗ್ ಶುರುವಾಯಿತು. ಇರೋದು 7 ತಂಡ. ಪೂರ್ವದ ಹ್ಯಾಲಿಫ್ಯಾಕ್ಸಿನಿಂದ ಪಶ್ಚಿಮದ ವ್ಯಾಂಕೂವರ್ ದ್ವೀಪಕ್ಕೆ ಒಂದು ಪಂದ್ಯ ಆಡೋಕೆ 4,000 ಕಿಲೋಮೀಟರಿಗೂ ಜಾಸ್ತಿ ಹಾರಬೇಕು! ಕಣಕ್ಕಿಳಿಯುವ 11 ಜನರಲ್ಲಿ ಕನಿಷ್ಠ 6 ಮಂದಿ ಕೆನಡಾದವರೇ ಇರಬೇಕು ಅನ್ನೋದು ನಿಯಮ. ಅದು ನನಗೆ ಹಿಡಿಸಿತು.

ನಮ್ಮೂರ ತಂಡ ಕ್ಯಾವಲ್ರಿ, ಅಂದರೆ ಅಶ್ವದಳ. ಹೆಸರಿಗೆ ತಕ್ಕಂತೆ ಆಡೋ ಜಾಗ ಊರಾಚೆಯ ಸ್ಪ್ರೂಸ್ ಮೆಡೋಸ್. ಕುದುರೆ ಜಿಗಿತದ ಸ್ಪರ್ಧೆಗೆ ಹೆಸರಾದ ಜಾಗ ಅದು. ಮೊದಲ ದಿನ ಪುಟ್ಟ ಅರ್ಧ ಆಟದವರೆಗೆ "ಕುದುರೆ ಯಾವಾಗ ಬರುತ್ತೆ?" ಅಂತ ಕೇಳುತ್ತಲೇ ಇದ್ದ.

ಸೀಸನ್ನನ್ನು ಎರಡು ಭಾಗ ಮಾಡಿದ್ದರು. ವಸಂತದ 10 ಪಂದ್ಯಗಳಲ್ಲಿ ನಮ್ಮವರು 8 ಗೆದ್ದು ಮೊದಲು ಬಂದರು. ಎರಡನೇ ಭಾಗದಲ್ಲೂ ಅವರೇ ಮೊದಲು. ನಡುವೆ ಜುಲೈನಲ್ಲಿ ಕೆನಡಿಯನ್ ಚಾಂಪಿಯನ್‌ಶಿಪ್ ಅನ್ನೋ ಬೇರೆ ಟೂರ್ನಿಗೆ ವ್ಯಾಂಕೂವರಿಗೇ ಹೋಗಿ, ಅಮೆರಿಕದ ಲೀಗಿನಲ್ಲಿ ಆಡೋ ವೈಟ್‌ಕ್ಯಾಪ್ಸನ್ನು 2-1ರಿಂದ ಸೋಲಿಸಿದರು. ನಮ್ಮ ಗೋಲ್‌ಕೀಪರ್ ಮಾರ್ಕೊ ಕಾರ್ದುಚಿ ಇದೇ ಊರಲ್ಲಿ ಹುಟ್ಟಿದ ಹುಡುಗ, ಒಂದು ಕಾಲಕ್ಕೆ ವೈಟ್‌ಕ್ಯಾಪ್ಸ್‌ನಲ್ಲೇ ಇದ್ದವನು. ಆ ರಾತ್ರಿ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯಲ್ಲಿ ದೀಪ ಹತ್ತಿತು.

ಇಷ್ಟಾದರೂ ಕಪ್ ಸಿಗಲಿಲ್ಲ. ಫೈನಲ್ ಅಂತ ಬೇರೆ ಇಟ್ಟಿದ್ದರು, ಎರಡು ಪಂದ್ಯ, ಎರಡರ ಗೋಲೂ ಕೂಡಿಸಿ ಲೆಕ್ಕ. ಹ್ಯಾಮಿಲ್ಟನ್ನಿನ ಫೋರ್ಜ್ ತಂಡ ತನ್ನೂರಲ್ಲಿ 1-0 ಗೆದ್ದಿತು. ನವೆಂಬರ್ 2ರಂದು ಇಲ್ಲಿ ಎರಡನೆಯದು. ಎರಡು ಜೊತೆ ಕಾಲುಚೀಲ ಹಾಕಿದ್ದರೂ ಬೆರಳು ಜೋಮು ಹಿಡಿದಿತ್ತು. ಫ್ಲಾಸ್ಕಿನ ಕಾಫಿ ಅರ್ಧ ಗಂಟೆಯಲ್ಲಿ ತಣ್ಣೀರು. ಒಂದು ಗೋಲು ಬರಲಿ ಅಂತ ನಮ್ಮವರೆಲ್ಲ ಮುಂದೆ ನುಗ್ಗಿದರು. ಆಟ ಮುಗಿಯೋ ಹೊತ್ತಿಗೆ ಗೋಲು ಬಿತ್ತು, ಆದರೆ ನಮಗೇ. ಫೋರ್ಜಿನ ಶ್ವಾನಿಯೆರ್ ಹೊಡೆದ. ಒಂದು ಕ್ಷಣ ಅವರ ಆಟಗಾರರ ಕೂಗು ಬಿಟ್ಟು ಬೇರೆ ಸದ್ದಿಲ್ಲ.

ಆಗ ನೆನಪಾಗಿದ್ದು ಕಂಠೀರವ, ಅಪ್ಪ. 2018ರ ಮಾರ್ಚ್ 17ರ ಫೈನಲ್. ಇಂಡಿಯನ್ ಸೂಪರ್ ಲೀಗಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ ಅದು ಮೊದಲ ವರ್ಷ, ಪಟ್ಟಿಯಲ್ಲಿ ಮೇಲೆ ನಿಂತಿದ್ದವರು ನಾವೇ. ಛೆಟ್ರಿ 9ನೇ ನಿಮಿಷಕ್ಕೇ ಗೋಲು ಹೊಡೆದಾಗ ನೀವು ನನ್ನ ಬೆನ್ನಿಗೆ ಗುದ್ದಿದ್ದು ಮರೆತಿಲ್ಲ. ಕೊನೆಗೆ ಗೆದ್ದದ್ದು ಮಾತ್ರ ಚೆನ್ನೈಯಿನ್ ತಂಡ, 3-2. ಮನೆಯವರೆಗೂ ಆಟೋದಲ್ಲಿ ನೀವು ಒಂದು ಮಾತೂ ಆಡಲಿಲ್ಲ. ಮೊನ್ನೆ ರೈಲಿನಲ್ಲಿ ನಾನೂ ಸುಮ್ನೆ ಕೂತಿದ್ದೆ. ಪುಟ್ಟ ಮಾತ್ರ "ಎರಡು ಸಲ ಫಸ್ಟ್ ಬಂದರೆ ಸಾಕಾಗಲ್ವಾ?" ಅಂತ ಕೇಳಿದ. ಏನು ಹೇಳಲಿ? ನನಗೂ ಅದೇ ಅನಿಸಿತ್ತು.

ಡಿಸೆಂಬರಿನಲ್ಲಿ ಗೆಳೆಯನೊಬ್ಬ ಊರಿಗೆ ಬರುತ್ತಿದ್ದಾನೆ. ಅವನ ಕೈಲಿ ನಿಮಗೊಂದು ಕ್ಯಾವಲ್ರಿ ಮಫ್ಲರ್ ಕಳಿಸುತ್ತೇನೆ. ಬೆಂಗಳೂರಿನ ಚಳಿಗೆ ದಪ್ಪವೇ ಆಯಿತು. ಬೆಳಗಿನ ವಾಕಿಂಗಿಗೆ ಹಾಕಿಕೊಳ್ಳಿ. ಅಮ್ಮ ಬೈದರೆ ನನ್ನ ಹೆಸರು ಹೇಳಿ.

ನಿಮ್ಮ ಮಗ