ಐವತ್ತು ವರ್ಷ ಸಿಗದ ಬಾಗಿಲು

ಮಾನ್ಯ ಸಂಪಾದಕರೇ,

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಪೊರೆಯ ಪ್ರೊಟೀನುಗಳನ್ನು ಅಧ್ಯಯನ ಮಾಡುವ ಜೀವರಸಾಯನ ವಿಜ್ಞಾನಿಗಳ ಬಗ್ಗೆ ಬರೆಯುವಾಗ ಪತ್ರಿಕೆಗಳು ಮೊದಲು ಕೇಳುವುದು ‘ಇದರಿಂದ ಯಾವ ಕಾಯಿಲೆ ವಾಸಿಯಾಗುತ್ತದೆ?’ ಎಂದು. ಪ್ರಶ್ನೆ ತಪ್ಪಲ್ಲ, ಅವಸರದ್ದು ಅಷ್ಟೆ.

ಮೈಟೊಕಾಂಡ್ರಿಯ ಕ್ಯಾಲ್ಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ ಎಂಬುದು 1960ರ ದಶಕದ ಆರಂಭದಲ್ಲೇ ತಿಳಿದಿತ್ತು. ಆದರೆ ಅವು ಒಳಬರುವ ದಾರಿಯಾದ ಎಂಸಿಯು ಎಂಬ ಪ್ರೊಟೀನನ್ನು ಎರಡು ತಂಡಗಳು ಪ್ರತ್ಯೇಕವಾಗಿ ಗುರುತಿಸಿದ್ದು 2011ರಲ್ಲಿ. ನಡುವೆ ಅರ್ಧ ಶತಮಾನ! ಹುಡುಕಿದವರೇನೂ ಸೋಮಾರಿಗಳಲ್ಲ. ಮೈಟೊಕಾಂಡ್ರಿಯದ ಎರಡು ಪೊರೆಗಳಲ್ಲಿ ಈ ದಾರಿಯಿರುವ ಒಳಪೊರೆಯಲ್ಲಿ ಪ್ರೊಟೀನುಗಳು ಕಿಕ್ಕಿರಿದಿರುತ್ತವೆ. ಅವುಗಳಲ್ಲಿ ಬೇಕಾದ ಒಂದನ್ನು ಪೊರೆಯಿಂದ ಬಿಡಿಸಲು ಹೋದರೆ ಅದರ ಆಕಾರವೇ ಕೆಡಬಹುದು. ಕೊನೆಗೆ ಕೈಹಿಡಿದದ್ದು ಮೈಟೊಕಾಂಡ್ರಿಯದ ಪ್ರೊಟೀನುಗಳ ಪಟ್ಟಿ ಮತ್ತು ಬೇರೆಬೇರೆ ಜೀವಿಗಳ ಜೀನ್‌ಗಳ ಹೋಲಿಕೆ.

ಈ ಒಳಪೊರೆಯ ಎರಡು ಬದಿಗಳ ನಡುವೆ ಸುಮಾರು 150ರಿಂದ 180 ಮಿಲಿವೋಲ್ಟ್ ವ್ಯತ್ಯಾಸವಿರುತ್ತದೆ. ಜೀವಕೋಶ ಶಕ್ತಿಗಾಗಿ ಬಳಸುವ ಎಟಿಪಿ ಎಂಬ ಅಣು ತಯಾರಾಗುವುದು ಪೊರೆಯಾಚೆಗಿನ ಪ್ರೋಟಾನುಗಳು ಮರಳಿ ಒಳಹರಿಯುವ ಬಲದಿಂದ. ಬ್ರಿಟಿಷ್ ಜೀವರಸಾಯನ ವಿಜ್ಞಾನಿ ಪೀಟರ್ ಮಿಚೆಲ್ 1961ರಲ್ಲಿ ಇದನ್ನು ಹೇಳಿದಾಗ ನಂಬಿದವರು ಕಡಿಮೆ, 1978ರಲ್ಲಿ ನೊಬೆಲ್ ಬಂತು. ಪೊರೆ ಸೋರಿದರೆ ಈ ಬಲ ಉಳಿಯದು. ಹೀಗಾಗಿ ಪೊರೆಯ ಚಾನೆಲ್‌ಗಳು, ಅಂದರೆ ಅಯಾನುಗಳು ಸಾಗುವ ದಾರಿಗಳು, ಬೇಕೆಂದಾಗ ಮಾತ್ರ ತೆರೆಯಬೇಕು. ಕ್ಯಾಲ್ಸಿಯಂ ಮಿತಿಮೀರಿದರೆ ಒಳಪೊರೆಯಲ್ಲಿ ದೊಡ್ಡ ರಂಧ್ರವೇ ತೆರೆದು ಜೀವಕೋಶ ಸಾಯಬಹುದು. ಹೃದಯಾಘಾತದ ನಂತರ ರಕ್ತಸಂಚಾರ ಮರಳಿದಾಗಲೂ ಇದರಿಂದ ಹಾನಿಯಾಗುತ್ತದೆ.

ಆ ರಂಧ್ರ ಯಾವ ಪ್ರೊಟೀನಿನದು ಎಂಬ ವಾದ ಇನ್ನೂ ಮುಗಿದಿಲ್ಲ. ಸುದ್ದಿಗೆ ಇದಕ್ಕಿಂತ ರೋಚಕ ವಸ್ತು ಬೇಕೇ? ವಿಜ್ಞಾನ ಪುಟದಲ್ಲಿ ಇಂಥ ವಾದಗಳಿಗೂ ಜಾಗ ಕೊಡಿ.

– ಜೀವರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕ