ಕಿಲ್ಲಾರಿ ನಡುಗಿದ ರಾತ್ರಿ ಚಂದ್ರ ಎಲ್ಲಿದ್ದ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸೂಪರ್‌ಮೂನ್, ಅಂದ್ರೆ ಚಂದ್ರ ಹತ್ತಿರ ಬಂದಾಗಿನ ಹುಣ್ಣಿಮೆ, ಬಂತು ಅಂದ್ರೆ ಸಾಕು, ಟಿವಿಯಲ್ಲಿ ಯಾರಾದ್ರೂ ಒಬ್ಬರು ಜ್ಯೋತಿಷಿ ಕೂತು ಭೂಮಿ ನಡುಗುತ್ತೆ, ಸಮುದ್ರ ಉಕ್ಕುತ್ತೆ ಅಂತಾರೆ, ಅದು ವಾಟ್ಸಾಪಲ್ಲಿ ತಿರುಗಿ ನಮ್ಮೂರಿಗೂ ಬರುತ್ತೆ, ಆ ರಾತ್ರಿ ನಮ್ಮವ್ವ ಮನೆ ಒಳಗೆ ಮಲಗಲ್ಲ, ಅಂಗಳದಲ್ಲೇ ಹಾಸಿಕೊಳ್ತಾಳೆ. ಅವಳಿಗೆ ಸಿಟ್ಟು ಮಾಡೋಕೆ ನನಗೆ ಮನಸ್ಸೇ ಬರಲ್ಲ. ನಮ್ಮದು ಕಲಬುರಗಿಯ ಆಳಂದ ತಾಲೂಕು, ಮಹಾರಾಷ್ಟ್ರದ ಕಿಲ್ಲಾರಿ ನಮಗೆ ಬೇರೆ ರಾಜ್ಯದ ಊರು ಅಂತ ಯಾವತ್ತೂ ಅನಿಸಿಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 4 ಗಂಟೆ ಆಗೋಕೆ ನಾಲ್ಕು ನಿಮಿಷ ಇತ್ತು, ಹಿಂದಿನ ದಿನ ಅನಂತ ಚತುರ್ದಶಿ, ಜನ ಗಣಪತಿ ಕಳಿಸಿ ಬಂದು ದಣಿದು ಮಲಗಿದ್ದರು. ಆಗ ಕಿಲ್ಲಾರಿಯಲ್ಲಿ ಭೂಕಂಪ ಆಗಿ ಹತ್ತಿರ ಹತ್ತಿರ 10,000 ಜನ ಹೋದರು. ಅವತ್ತು ಹುಣ್ಣಿಮೆ. ಅವ್ವ ಆ ಹುಣ್ಣಿಮೆನ ಮರೆತಿಲ್ಲ.

ಅದಕ್ಕೇ ನಾನು ಈ ವಿಷಯ ಓದೋಕೆ ಶುರು ಮಾಡಿದ್ದು, ಓದಿದ ಮೇಲೆ ಸುಮ್ನೆ ಇರೋಕೆ ಆಗ್ಲಿಲ್ಲ.

ಮೊದಲು ಒಂದು ಮಾತು ಒಪ್ಕೋಬೇಕು, ಚಂದ್ರ ನೆಲವನ್ನ ಎಳೆಯೋದು ಸುಳ್ಳಲ್ಲ. ಕಡಲಿಗೆ ಮಾತ್ರ ಉಬ್ಬರ ಇಳಿತ ಅಂತ ನಾವು ಅಂದ್ಕೊಂಡಿದೀವಿ, ಆದ್ರೆ ನಾವು ನಿಂತ ಗಟ್ಟಿ ನೆಲಾನೂ ದಿನಕ್ಕೆರಡು ಸಲ ಸುಮಾರು ಒಂದಡಿ ಮೇಲೆದ್ದು ಇಳಿಯುತ್ತೆ, ಹೊಲ ಮನೆ ಗುಡ್ಡ ಎಲ್ಲಾ ಒಟ್ಟಿಗೇ ಏಳೋದ್ರಿಂದ ನಮಗೆ ಗೊತ್ತಾಗಲ್ಲ ಅಷ್ಟೇ. ಹುಣ್ಣಿಮೆ ಅಮಾವಾಸ್ಯೆಗೆ ಸೂರ್ಯನ ಎಳೆತಾನೂ ಸೇರಿಕೊಂಡು ಸ್ವಲ್ಪ ಜಾಸ್ತಿ ಆಗುತ್ತೆ. ಆದ್ರೆ ಇದರಿಂದ ಕೆಳಗಿನ ಬಂಡೆ ಮೇಲೆ ಬೀಳೋ ಒತ್ತಡ ಎಷ್ಟು ಅಂದ್ರೆ, ಗಾಳಿ ನಮ್ಮ ಮೈ ಮೇಲೆ ಸದಾ ಹಾಕೋ ಒತ್ತಡದ ನೂರರಲ್ಲಿ ಕೆಲವೇ ಪಾಲು. ಭೂಕಂಪದಲ್ಲಿ ಬಿಡುಗಡೆ ಆಗೋ ಒತ್ತಡ ಇದಕ್ಕಿಂತ ನೂರಾರು, ಸಾವಿರಾರು ಪಟ್ಟು. ಆ ಒತ್ತಡ ಕೂಡಿಹಾಕಿದ್ದು ಚಂದ್ರ ಅಲ್ಲ, ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಉತ್ತರಕ್ಕೆ ಸರೀತಾ ಹಿಮಾಲಯಕ್ಕೆ ಗುದ್ದುತ್ತಾ ಇರೋ ನಮ್ಮ ಭಾರತದ ಭೂಫಲಕ, ಅಂದ್ರೆ ಭಾರತವನ್ನ ಹೊತ್ತ ನೆಲದ ದೊಡ್ಡ ಹಲಗೆ. ಶತಮಾನಗಟ್ಟಲೆ ವಾಲಿ ವಾಲಿ ಇನ್ನೇನು ಬೀಳಬೇಕು ಅನ್ನೋ ಗೋಡೆಗೆ ಒಂದು ಆಡು ಬಂದು ಮೈ ತಿಕ್ಕಿದ್ರೆ ಬೀಳಬಹುದು, ಹಾಗಂತ ಊರಲ್ಲಿ ಆಡು ಓಡಾಡಿದ ದಿನ ಎಲ್ಲಾ ಗೋಡೆ ಬೀಳುತ್ತೆ ಅನ್ನೋಕಾಗುತ್ತಾ?

ಈಗ ಅವ್ವನ ಹುಣ್ಣಿಮೆಗೆ ಬರ್ತೀನಿ. ಚಂದ್ರ ನಮಗೆ ತೀರಾ ಹತ್ತಿರ ಬಂದಾಗ ಸುಮಾರು 3,56,500 ಕಿಲೋಮೀಟರ್, ದೂರ ಹೋದಾಗ 4,06,000ದ ಆಸುಪಾಸು. ಹತ್ತಿರ ಇದ್ದಾಗಿನ ಹುಣ್ಣಿಮೆಗೇ ಸೂಪರ್‌ಮೂನ್ ಅನ್ನೋದು, ಆ ಹೆಸರು ಕೊಟ್ಟಿದ್ದೂ ಖಗೋಳ ವಿಜ್ಞಾನಿ ಅಲ್ಲ, 1979ರಲ್ಲಿ ರಿಚರ್ಡ್ ನೋಲ್ ಅನ್ನೋ ಅಮೆರಿಕದ ಜ್ಯೋತಿಷಿ. ಆದ್ರೆ ಕಿಲ್ಲಾರಿ ನಡುಗಿದ ಹುಣ್ಣಿಮೆ ಸೂಪರ್‌ಮೂನ್ ಅಲ್ಲವೇ ಅಲ್ಲ, ಅವತ್ತು ಚಂದ್ರ ತನ್ನ ದಾರಿಯ ದೂರದ ತುದಿ ಹತ್ತಿರ ಇದ್ದ! 2004ರ ಡಿಸೆಂಬರ್ 26ರ ಸುನಾಮಿ ದಿನಾನೂ ಹುಣ್ಣಿಮೆ, ಮರುದಿನವೇ ಚಂದ್ರ ಅತಿ ದೂರದಲ್ಲಿದ್ದ. 2023ರ ಫೆಬ್ರವರಿ 6ರಂದು ಟರ್ಕಿ ನಡುಗಿದ್ದು ಹುಣ್ಣಿಮೆಯ ಮರುದಿನ, ಆಗಲೂ ಚಂದ್ರ ದೂರದಲ್ಲೇ. ಜಪಾನಿನ 2011ರ ಸುನಾಮಿಗಂತೂ ಸೂಪರ್‌ಮೂನೇ ಕಾರಣ ಅಂತ ಎಷ್ಟು ಜನ ಹೇಳಿದ್ರು, ಭೂಕಂಪ ಆಗಿದ್ದು ಮಾರ್ಚ್ 11, ಸೂಪರ್‌ಮೂನ್ ಇದ್ದಿದ್ದು ಮಾರ್ಚ್ 19. ನೇಪಾಳದಲ್ಲಿ ಭೂಕಂಪ ಆದ 2015ರ ಏಪ್ರಿಲ್ 25ಕ್ಕೆ ಆಕಾಶದಲ್ಲಿ ಅರ್ಧಚಂದ್ರ. ಹಾಗೆ ನೋಡಿದ್ರೆ 2016ರ ನವೆಂಬರ್ 14ಕ್ಕೆ ಬಹಳ ದೊಡ್ಡ ಸೂಪರ್‌ಮೂನ್ ಇದ್ದಾಗಲೇ ನ್ಯೂಜಿಲೆಂಡಿನ ಕೈಕೌರಾದಲ್ಲಿ 7.8 ತೀವ್ರತೆಯ ಕಂಪನ ಆಯ್ತು, ಅದನ್ನ ನಾನು ಮುಚ್ಚಿಡಲ್ಲ.

ಆದ್ರೆ ಇಲ್ಲೊಂದು ಲೆಕ್ಕ ಇದೆ. ಹುಣ್ಣಿಮೆಗೆ ಎರಡು ದಿನ ಹಿಂದೆ ಮುಂದೆ, ಅಮಾವಾಸ್ಯೆಗೆ ಎರಡು ದಿನ ಹಿಂದೆ ಮುಂದೆ ಸೇರಿಸಿದ್ರೆ ತಿಂಗಳಲ್ಲಿ ಹತ್ತು ದಿನ ಆಯ್ತು. ಮೂರರಲ್ಲಿ ಒಂದು ಭೂಕಂಪ ಸುಮ್ನೆ ಆ ಹತ್ತು ದಿನದಲ್ಲಿ ಬಿದ್ದೇ ಬೀಳುತ್ತೆ, ನಮಗೆ ಅದೇ ನೆನಪಲ್ಲಿ ಉಳಿಯುತ್ತೆ, ಸಪ್ತಮಿ ನವಮಿಗೆ ಆಗಿದ್ದು ಯಾರಿಗೂ ನೆನಪಿರಲ್ಲ. ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯ ಸೂಸನ್ ಹಫ್ ಅನ್ನೋರು 8 ಮತ್ತು ಅದಕ್ಕಿಂತ ಹೆಚ್ಚು ತೀವ್ರತೆಯ, ನಾನೂರು ವರ್ಷದ 204 ಭೂಕಂಪಗಳನ್ನ ಚಂದ್ರನ ತಿಥಿ ಜೊತೆ ಹೋಲಿಸಿ 2018ರಲ್ಲಿ ಒಂದು ಲೇಖನ ಬರೆದ್ರು, ದೊಡ್ಡ ಭೂಕಂಪಕ್ಕೆ ಇಷ್ಟದ ದಿನ ಅಂತ ಇದೆಯಾ ಅನ್ನೋ ಪ್ರಶ್ನೆ, ಅದರ ಸಾರಾಂಶ ಒಂದೇ ಪದ: ಇಲ್ಲ.

ಹಾಗಂತ ಎಳೆತದ ಪ್ರಭಾವ ಪೂರ್ತಿ ಸೊನ್ನೆ ಅಂತಲೂ ಅಲ್ಲ, ಇದನ್ನೂ ನಿಮ್ಮ ಪತ್ರಿಕೆಯಲ್ಲಿ ಬರೀಬೇಕು. ಟೋಕಿಯೋ ವಿಶ್ವವಿದ್ಯಾಲಯದ ಸತೋಶಿ ಇದೆ (Satoshi Ide) ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು 2016ರಲ್ಲಿ, ತುಂಬಾ ದೊಡ್ಡ ಭೂಕಂಪಗಳು ನೆಲದಾಳದ ಆಯಾ ಬಿರುಕಿನ ಮೇಲೆ ಈ ಎಳೆತದ ಒತ್ತಡ ಜಾಸ್ತಿ ಇದ್ದ ಹೊತ್ತಲ್ಲಿ ಆಗೋ ಒಲವು ಇದೆ ಅಂತ ತೋರಿಸಿದ್ರು, ಸುಮಾತ್ರ, ಚಿಲಿ, ಜಪಾನ್ ಮೂರೂ ಅದರಲ್ಲಿವೆ. ಗಮನಿಸಿ, ಅದು ಪಂಚಾಂಗದ ತಿಥಿ ಅಲ್ಲ, ಆ ಜಾಗದ ಬಿರುಕು ಯಾವ ದಿಕ್ಕಿಗೆ ವಾಲಿದೆ, ಪಕ್ಕದ ಕಡಲ ನೀರು ಎಷ್ಟು ಏರಿದೆ ಅಂತ ಹಾಕಿದ ಲೆಕ್ಕ. ಅದರಿಂದಲೂ ನಾಳೆ ಇಂಥ ಊರಲ್ಲಿ ಆಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಎಳೆತದಿಂದ ನಿಜವಾಗ್ಲೂ ನಡುಗೋದು ಅಂದ್ರೆ ಚಂದ್ರನೇ, ಅಪೊಲೊ ಯಾತ್ರಿಗಳು ಇಟ್ಟು ಬಂದ ಉಪಕರಣಗಳಲ್ಲಿ ಚಂದ್ರನ ಆಳದ ಕಂಪನಗಳು ಸುಮಾರು 27 ದಿನಕ್ಕೊಮ್ಮೆ ಲೆಕ್ಕ ಇಟ್ಟ ಹಾಗೆ ಮರಳಿ ಬರ್ತಿದ್ವು, ಎಳೆಯೋದು ನಮ್ಮ ಭೂಮಿ. ಚಂದ್ರಯಾನ-3ರಲ್ಲಿ ಹೋದ ಇಲ್ಸಾ ಅನ್ನೋ ಕಂಪನಮಾಪಕ ನಮ್ಮ ಬೆಂಗಳೂರಲ್ಲೇ ತಯಾರಾಗಿದ್ದು, ಇದನ್ನ ನಮ್ಮ ಮಕ್ಕಳಿಗೆ ಯಾರು ಹೇಳ್ತಾರೆ?

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ಪದೇ ಪದೇ ನಡುಗಿ ಜನ ರಾತ್ರಿ ಹೊರಗೇ ಕಳೆದ್ರು. ಮಳೆಗಾಲದ ನೀರು ಕೆಳಗಿನ ಕಲ್ಲಿನ ಸಂದಿಗೆ ಇಳಿದು ಒತ್ತಡ ಬದಲಾಗಿ ಹೀಗಾಗಬಹುದು ಅಂತ ತಿಳಿದವರು ಹೇಳಿದ್ರು. ಮಹಾರಾಷ್ಟ್ರದ ಕೊಯ್ನಾದಲ್ಲಿ 1967ರಲ್ಲಿ ಆದ ಭೂಕಂಪಕ್ಕೂ ಅಣೆಕಟ್ಟಿನ ನೀರೇ ಕಾರಣ ಆಗಿತ್ತು. ಚಂದ್ರ ಬರೋ ಜಾಗ ಇದಲ್ಲ.

ಕಿಲ್ಲಾರಿಯಲ್ಲಿ ಅಷ್ಟು ಜನ ಸತ್ತಿದ್ದು ದಪ್ಪ ಕಲ್ಲಿನ ಮಣ್ಣುಗಾರೆ ಗೋಡೆ, ಅದರ ಮೇಲೆ ಹೇರಿದ ಮಣ್ಣಿನ ಮಾಳಿಗೆ ಕುಸಿದು. ನಮ್ಮಪ್ಪ ಪ್ರತಿ ವರ್ಷ ಮಳೆಗೆ ಮುಂಚೆ ಸೋರಬಾರದು ಅಂತ ಮಾಳಿಗೆಗೆ ಇನ್ನಷ್ಟು ಮಣ್ಣು ಏರಿಸ್ತಿದ್ದ, ಎಷ್ಟು ಭಾರ ಆಯ್ತು ಅಂತ ಒಬ್ಬರೂ ಕೇಳಲಿಲ್ಲ. ಇವತ್ತಿಗೂ ನಮ್ಮ ಕಡೆ ಅಂಥ ಮನೆಗಳಿವೆ, ಅದರಲ್ಲಿ ಜನ ಮಲಗ್ತಾರೆ. ಮುಂದಿನ ಸೂಪರ್‌ಮೂನಿಗೆ ಚಂದ್ರನ ಫೋಟೋ ಹಾಕೋ ದಿನ ದಯವಿಟ್ಟು ಒಂದು ಕಾಲಂ ಜಾಗ ಇದಕ್ಕೆ ಕೊಡಿ, ಮಾಳಿಗೆ ಮಣ್ಣು ಹೇಗೆ ಇಳಿಸಬೇಕು, ಗೋಡೆಯ ಎರಡೂ ಮೈ ಹಿಡಿಯೋ ಹಾಗೆ ಅಡ್ಡಗಲ್ಲು ಎಲ್ಲಿ ಕೂರಿಸಬೇಕು, ಬಾಗಿಲ ಮೇಲೆ ಸುತ್ತ ಕಾಂಕ್ರೀಟ್ ಪಟ್ಟಿ ಹೇಗೆ ಕಟ್ಟಬೇಕು ಅಂತ ಒಬ್ಬ ಇಂಜಿನಿಯರ್ ಹತ್ರ ಚಿತ್ರ ಸಮೇತ ಬರೆಸಿ. ನಾನು ಅದನ್ನ ಅವ್ವನಿಗೆ ಓದಿ ಹೇಳ್ತೀನಿ.

ಇಂತಿ,
ಆಳಂದ ತಾಲೂಕಿನ ಒಬ್ಬ ಓದುಗ