ಎಂಜಿನ್ ದಾಟಿದ ಮೇಲೆ

ಈ ಸಂಚಿಕೆಯ ರೈಲು ಪುಟಗಳಿಗಾಗಿ ಸದಸ್ಯರು ಕಳುಹಿಸಿದ ಛಾಯಾಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ ಒಂದು ಸಂಗತಿ ಎದ್ದು ಕಂಡಿತು. ಬಹುಪಾಲು ಚಿತ್ರಗಳು ಎಂಜಿನ್ನುಗಳವು. ಅವುಗಳ ಹಿಂದೆ ಸಾಲುಗಟ್ಟಿ ಬರುವ ಗೂಡ್ಸ್ ವ್ಯಾಗನ್‌ಗಳು ಅಂಚಿನಲ್ಲಿ ಮಸುಕಾಗಿವೆ, ಇಲ್ಲವೇ ಚಿತ್ರದಿಂದ ಹೊರಗೇ ಉಳಿದಿವೆ. ಎಂಜಿನ್ನಿನ ಮೇಲಿನ ಮೋಹ ನನಗೂ ಇದೆ. ಆದರೂ ರೈಲಿನ ನೆನಪನ್ನು ಉಳಿಸಬೇಕೆನ್ನುವವರು ಎಂಜಿನ್ ದಾಟಿದ ಮೇಲೂ ಕ್ಯಾಮೆರಾವನ್ನು ಕೆಳಗಿಳಿಸಬಾರದು ಎಂಬುದು ನನ್ನ ವಿನಂತಿ.

ಕಳೆದ ಅಕ್ಟೋಬರಿನಲ್ಲಿ ನಮ್ಮ ಸಂಘದ ಕೆಲವರು ಪೆನ್ಸಿಲ್ವೇನಿಯಾದ ಅಲ್ಟೂನಾ ಬಳಿಯ ಹಾರ್ಸ್‌ಶೂ ಕರ್ವ್‌ಗೆ ಹೋಗಿದ್ದೆವು. ಬೆಟ್ಟಸಾಲನ್ನು ಹತ್ತಲು ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಯು 1854ರಲ್ಲಿ ತೆರೆದ ಈ ಹಾದಿ, ಕುದುರೆ ಲಾಳದ ಹಾಗೆ ಬಾಗಿ ಕಣಿವೆಯನ್ನು ಸುತ್ತಿಕೊಂಡು ಮೇಲೇರುತ್ತದೆ. ಭಾರದ ಗೂಡ್ಸ್ ಗಾಡಿಗಳನ್ನು ಇಂದಿಗೂ ಹಿಂದಿನಿಂದ ಸಹಾಯಕ ಎಂಜಿನ್ನುಗಳು ತಳ್ಳುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟವನ್ನು ಬಲ್ಲವರಿಗೆ ಇದು ಪರಿಚಿತ ನೋಟವೇ. ಐವತ್ತು ಅಡಿಗೆ ಒಂದು ಅಡಿ ಏರುವ ಆ ಹಾದಿಯಲ್ಲೂ ಗೂಡ್ಸ್ ಗಾಡಿಗಳಿಗೆ ಬ್ಯಾಂಕರ್ ಎಂಜಿನ್ನುಗಳ ಆಸರೆ ಬೇಕು. ಗಾಡಿ ಬಂದೊಡನೆ ನಮ್ಮಲ್ಲಿ ಹಿರಿಯರು, ಬಾಲ್ಯದಲ್ಲಿ ರೈಲ್ವೆ ಗೇಟಿನ ಬಳಿ ನಿಂತು ಎಣಿಸುತ್ತಿದ್ದಂತೆಯೇ, ಡಬ್ಬಿಗಳನ್ನು ಕನ್ನಡದಲ್ಲಿ ಎಣಿಸತೊಡಗಿದರು. ಊರಿನಲ್ಲಿ ಗಾರ್ಡ್ ಡಬ್ಬಿ ಕಂಡಾಗ ಎಣಿಕೆ ಮುಗಿಯುತ್ತಿತ್ತು. ಇಲ್ಲಿ ಅಮೆರಿಕದ ಗೂಡ್ಸ್ ಗಾಡಿಗಳ ಗಾರ್ಡ್ ಡಬ್ಬಿಗಳು 1980ರ ದಶಕದಿಂದ ಮರೆಯಾಗುತ್ತ ಬಂದು, ಆ ಕೆಲಸವನ್ನು ಕೊನೆಯ ವ್ಯಾಗನ್‌ಗೆ ಸಿಕ್ಕಿಸಿದ ಒಂದು ಪುಟ್ಟ ಮಿನುಗುದೀಪದ ಪೆಟ್ಟಿಗೆ ವಹಿಸಿಕೊಂಡಿದೆ.

ಅಂದು ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿದ್ದು ಕಂದು ಬಣ್ಣ ಮಾಸಿದ ಒಂದು ಹಳೆಯ ವ್ಯಾಗನ್. ಅದರ ಮೇಲೆ ಕಾನ್‌ರೇಲ್ ಕಂಪನಿಯ ಗುರುತು ಅರ್ಧ ಅಳಿಸಿತ್ತು. ಪಕ್ಕದಲ್ಲಿ ಹೊಸ ಬಣ್ಣದ ತೇಪೆ ಹಾಕಿ 'ಪಿಆರ್‌ಆರ್' ಎಂದು ಬರೆದಿತ್ತು. ಅದು ಪೆನ್ಸಿಲ್ವೇನಿಯಾ ರೈಲ್‌ರೋಡಿನ ಅಕ್ಷರಗಳು. ಆ ಕಂಪನಿ 1968ರಲ್ಲೇ ತನ್ನ ಪ್ರತಿಸ್ಪರ್ಧಿಯೊಡನೆ ವಿಲೀನವಾಗಿ ಹೆಸರು ಕಳೆದುಕೊಂಡಿತು. ಹಾಗೆ ಹುಟ್ಟಿದ ಸಂಸ್ಥೆ ಎರಡೇ ವರ್ಷದಲ್ಲಿ ದಿವಾಳಿಯಾಗಿ, 1976ರಲ್ಲಿ ಕಾನ್‌ರೇಲ್ ಬಂತು. 1999ರಲ್ಲಿ ಕಾನ್‌ರೇಲ್ ಕೂಡ ಪಾಲಾದಾಗ, ನಾರ್‌ಫೋಕ್ ಸದರ್ನ್ ಎಂಬ ರೈಲು ಕಂಪನಿ ತನ್ನ ಪಾಲಿನ ವ್ಯಾಗನ್‌ಗಳಿಗೆ ಆ ಹಳೆಯ ಅಕ್ಷರಗಳನ್ನೇ ಮರಳಿ ಬರೆಸಿತು. ಮೂರು ದಶಕಗಳ ಇತಿಹಾಸ ಒಂದು ತಗಡಿನ ಮೈಮೇಲೆ ಪದರ ಪದರವಾಗಿ ಇತ್ತು. ಅದರ ಮುಂದಿದ್ದ ಎಂಜಿನ್ನಿನಲ್ಲಿ ಇದಾವುದೂ ಇರಲಿಲ್ಲ.

ಇಂಥ ವ್ಯಾಗನ್‌ಗಳ ಚಿತ್ರಕ್ಕೆ ಆತುರಪಡಬೇಕಾದ ಕಾರಣವೂ ಇದೆ. ಅಮೆರಿಕದ ನಿಯಮದಂತೆ ಐವತ್ತು ವರ್ಷ ದಾಟಿದ ಗೂಡ್ಸ್ ವ್ಯಾಗನ್ ವಿಶೇಷ ಅನುಮತಿಯಿಲ್ಲದೆ ಓಡುವಂತಿಲ್ಲ. ಆದ್ದರಿಂದ 1970ರ ದಶಕದಲ್ಲಿ ಕಟ್ಟಿದವು ಈಗ ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಹಳೆಯ ಎಂಜಿನ್ನನ್ನು ಯಾವುದಾದರೂ ವಸ್ತುಸಂಗ್ರಹಾಲಯ ಉಳಿಸಿಕೊಂಡೀತು. ಧಾನ್ಯ ಹೊತ್ತ ಹಳೆಯ ವ್ಯಾಗನ್ನಿಗೆ ಆ ಭಾಗ್ಯ ಅಪರೂಪ.

ಈ ಬಾರಿ ಬಂದ ಚಿತ್ರಗಳಲ್ಲಿ ನನ್ನ ಮನಸ್ಸನ್ನು ತುಂಬಿದ್ದೂ ನೋಯಿಸಿದ್ದೂ ಒಂದೇ. ಸದಸ್ಯರೊಬ್ಬರು ತಮ್ಮ ದಿವಂಗತ ತಂದೆಯವರ ಪೆಟ್ಟಿಗೆಯಲ್ಲಿ ಸಿಕ್ಕಿದ ಒಂದು ಕಪ್ಪು–ಬಿಳುಪು ಚಿತ್ರವನ್ನು ಕಳುಹಿಸಿದ್ದಾರೆ: ಘಟ್ಟದ ಸೇತುವೆಯೊಂದರ ಮೇಲೆ ಮೀಟರ್ ಗೇಜ್ (ಒಂದು ಮೀಟರ್ ಅಗಲದ ಹಳಿಯ) ಗೂಡ್ಸ್ ಗಾಡಿ, ಅದರ ಹಿಂದೆ ಸುರಂಗದ ಬಾಯಿ. ಹಿಂಬದಿಯಲ್ಲಿ 'ಸಕಲೇಶಪುರದಿಂದ ಕೆಳಗೆ' ಎಂಬ ಎರಡೇ ಮಾತುಗಳಿವೆ. ದಿನಾಂಕವಿಲ್ಲ, ವ್ಯಾಗನ್‌ಗಳ ಸಂಖ್ಯೆ ಓದಲಾಗುವುದಿಲ್ಲ. ಆ ಹಾದಿಯಲ್ಲಿ ಮೀಟರ್ ಗೇಜ್ 1979ರಿಂದ 1996ರವರೆಗೆ ಮಾತ್ರ ಇದ್ದುದರಿಂದ ಚಿತ್ರ ಆ ಹದಿನೇಳು ವರ್ಷಗಳ ನಡುವಿನದು ಎನ್ನಬಹುದು. ಐವತ್ತೇಳು ಸುರಂಗಗಳಲ್ಲಿ ಇದು ಯಾವುದು, ಗಾಡಿಯಲ್ಲಿ ಏನು ಹೋಗುತ್ತಿತ್ತು ಎಂದು ಕೇಳೋಣವೆಂದರೆ, ಹೇಳಬಲ್ಲವರು ಈಗಿಲ್ಲ.

ಆದುದರಿಂದ ಮುಂದೆ ಚಿತ್ರ ಕಳುಹಿಸುವವರು ಸ್ಥಳ, ದಿನ, ಗಾಡಿ ಸಾಗುತ್ತಿದ್ದ ದಿಕ್ಕು ಇವುಗಳನ್ನು ಬರೆಯಬೇಕು. ವ್ಯಾಗನ್ನಿನ ಸಂಖ್ಯೆ ಕಂಡರೆ ಅದನ್ನೂ ಬಿಡದೆ ಬರೆಯಿರಿ. ಭಾರತದ ಇಂದಿನ ವ್ಯಾಗನ್‌ಗಳ ಮೇಲೆ ಹನ್ನೊಂದು ಅಂಕಿಗಳಿರುತ್ತವೆ: ಮೊದಲೆರಡು ವ್ಯಾಗನ್ನಿನ ಬಗೆಯನ್ನೂ ನಂತರದ ಎರಡು ಯಾವ ರೈಲ್ವೆಯದೆಂಬುದನ್ನೂ ಐದನೆಯ ಮತ್ತು ಆರನೆಯವು ತಯಾರಾದ ವರ್ಷವನ್ನೂ ತಿಳಿಸುತ್ತವೆ. ಬಳ್ಳಾರಿ ಕಡೆಯಿಂದ ಅದಿರು ಹೊತ್ತು ಬರುವ ಎತ್ತರದ ತೆರೆದ ವ್ಯಾಗನ್ನಿನ ವಯಸ್ಸನ್ನು ಹೀಗೆ ನಮ್ಮ ಮಕ್ಕಳೂ ಓದಿ ಹೇಳಬಲ್ಲರು. ಅಮೆರಿಕದಲ್ಲಾದರೆ, ಗುರುತಿನ ಅಕ್ಷರಗಳು 'ಎಕ್ಸ್'ನಿಂದ ಮುಗಿದಿದ್ದರೆ ಆ ವ್ಯಾಗನ್ನಿನ ಒಡೆತನ ರೈಲು ಕಂಪನಿಯದಲ್ಲ, ಬೇರೊಂದು ಸಂಸ್ಥೆಯದು ಎಂದು ತಿಳಿಯಬೇಕು. ಚಿತ್ರಕ್ಕಾಗಿ ಯಾರೂ ಹಳಿಯ ಮೇಲಾಗಲಿ ಕಂಪನಿಯ ಜಾಗದಲ್ಲಾಗಲಿ ಕಾಲಿಡಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹಾರ್ಸ್‌ಶೂ ಕರ್ವ್‌ನಂತೆ ಸಾರ್ವಜನಿಕರಿಗೆ ತೆರೆದ ತಾಣಗಳು ಸಾಕಷ್ಟಿವೆ.

ಘಟ್ಟದ ಆ ಚಿತ್ರವನ್ನು ಹಿಂಬದಿಯ ಬರಹದೊಡನೆ ಕೊನೆಯ ಪುಟದಲ್ಲಿ ದೊಡ್ಡದಾಗಿ ಮುದ್ರಿಸಿದ್ದೇವೆ. ಹಾಸನ, ಸಕಲೇಶಪುರ, ಪುತ್ತೂರು ಕಡೆಯವರು ತಮ್ಮ ಮನೆಯ ಹಿರಿಯರಿಗೆ, ಅದರಲ್ಲೂ ರೈಲ್ವೆಯಲ್ಲಿ ದುಡಿದವರಿಗೆ, ಇದನ್ನು ತೋರಿಸಿ, ಸೇತುವೆಯ ಗುರುತು ಸಿಕ್ಕಿದರೆ ನಮಗೆ ಬರೆಯಬೇಕು.